ಕ್ಲಿಫ್ಟನ್ ಮನೆತನದ ಸೋದರತ್ತೆ

"ಕ್ಲಿಫ್ಟನ್!" ಎಂದು ನರ್ಸಮ್ಮ ಕೂಗಿದಾಗ ಇಪ್ಪತ್ತು ದಿನದ ಮೊಮ್ಮಗಳನ್ನು ಎತ್ತಿಕೊಂಡು ನಾನು ಎದ್ದೆ. ನನ್ನ ಜೊತೆಗೇ ಪಕ್ಕದ ಕುರ್ಚಿಯಿಂದ ದಪ್ಪ ಮೀಸೆಯ ಗಂಡಸೊಬ್ಬ ಎದ್ದು ನಿಂತ. ದುಬೈಯ ಮುಗಿಲು ಮುಟ್ಟುವ ಕಟ್ಟಡ ನೋಡಿಯೂ ನಾನು ಹಾಗೆ ಬಾಯಿ ಬಿಟ್ಟವಳಲ್ಲ.

ನಾನು ಗಂಗೊಳ್ಳಿಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನು ಮಾರಿ ಮಗಳನ್ನು ಓದಿಸಿದವಳು. ಆ ಮಗಳು ಶಾಲಿನಿ ಈಗ ದುಬೈಯ ಊದ್ ಮೇಥಾ ಬಡಾವಣೆಯಲ್ಲಿ ಸಂಸಾರ ಹೂಡಿದ್ದಾಳೆ. ಅಳಿಯ ಪೀಟರ್ ಇಂಗ್ಲೆಂಡಿನವನು, ಮನೆತನದ ಹೆಸರು ಕ್ಲಿಫ್ಟನ್. ಮಗುವಿನ ಕಾಗದದ ಮೇಲೂ ಅದೇ ಹೆಸರು ಕೂತಿದೆ. ಕೂರಲಿ! ನಮ್ಮಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು. ಬಳಿ ಅಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲ. ಅದನ್ನು ಯಾವ ಕಾಗದವೂ ಅಳಿಸಲಾರದು.

ನನ್ನ ಚಿಂತೆ ಬೇರೆಯೇ ಇತ್ತು. ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ನಮ್ಮ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಪೀಟರನಿಗೆ ಅಕ್ಕತಂಗಿಯರಿಲ್ಲ, ತಂದೆತಾಯಿಯೂ ತೀರಿಹೋಗಿದ್ದಾರೆ. "ನೀನೇ ಹೇಳ್ ಅಮ್ಮಾ, ಎಂತ ಆತ್ತ್?" ಅಂದಳು ಮಗಳು. ಹೇಗೆ ಹೇಳಲಿ? ನಿನ್ನ ಅಪ್ಪನಿಗೆ ಯಾರೂ ಇಲ್ಲ ಎಂದು ಮಗುವಿಗೆ ಮೊದಲೇ ತಿಳಿಸಿದ ಹಾಗೆ ಆಗುವುದಿಲ್ಲವೇ?

ಹಾಗಾಗಿ ಆ ಮೀಸೆಯವನನ್ನು ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನೀವೂ ಕ್ಲಿಫ್ಟನ್ನಾ ಮಾರಾಯ್ರೆ? ಹಾಂಗಾರೆ ನಮ್ಮ ಅಳಿಯನ ಕಡೆಯವ್ರೇ!"

"ಅಯ್ಯೋ ಅಮ್ಮಾ, ನಾನು ಮಂಗಳೂರಿನವ. ಅದು ನನ್ನ ಪಪ್ಪ ಇಟ್ಟ ಹೆಸರು, ಮನೆತನದ್ದಲ್ಲ."

"ಹೆಸರ್ ಒಂದೇ ಅಲ್ದಾ? ನಾಳೆ ಊಟಕ್ಕೆ ಬನ್ನಿ, ಹೆಂಡ್ತಿನೂ ಕರ್ಕಂಡ್ ಬನ್ನಿ."

ಮಗಳ ಜೊತೆ ಮನೆಗೆ ಮರಳುವಾಗ ನಮ್ಮ ಮಾತಿನಲ್ಲಿ ಆ ಹೆಸರು ಕೇಳಿದ ಟ್ಯಾಕ್ಸಿಯವನು ಹಿಂದಿಯಲ್ಲಿ ಬಾಯಿ ಹಾಕಿದ. ಅವನ ಕರಾಚಿಯಲ್ಲೂ ಕ್ಲಿಫ್ಟನ್ ಎಂಬ ಸಮುದ್ರ ದಂಡೆ ಇದೆಯಂತೆ. "ಅವ್ನನ್ನೂ ಊಟಕ್ಕೆ ಕರಿ" ಅಂದೆ. "ಅಮ್ಮಾ, ಖಲಾಸ್!" ಅಂದಳು ಮಗಳು. ಇಲ್ಲಿನ ಮಾತಿನಲ್ಲಿ ಮುಗಿಯಿತು, ಇನ್ನು ಸಾಕು ಎಂದು ಅರ್ಥ. ನನಗೆಂದೇ ಕಲಿತಿದ್ದಾಳೆ.

ಮರುದಿನ ಕನಾದ್ ತಂದು ಹುರಿದೆ. ನಮ್ಮ ಅಂಜಲ್ ಮೀನಿಗೆ ಇಲ್ಲಿ ಹಾಗೆನ್ನುತ್ತಾರೆ. ಮಸಾಲೆ ಮಾತ್ರ ಗಂಗೊಳ್ಳಿಯದೇ. ಗಂಡ ಹೆಂಡತಿ ಇಬ್ಬರೂ ಬಂದರು. "ನೋಡ್, ನಿನ್ನ ಕಡೆಯವ್ರ್" ಎಂದು ಪೀಟರನಿಗೆ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ದೇಶದಲ್ಲಿ ಕ್ಲಿಫ್ಟನ್ ಎಂಬ ಹಳ್ಳಿಗಳು ಎಷ್ಟೋ ಇವೆಯಂತೆ. ಅವುಗಳಲ್ಲಿ ಯಾವ ಹಳ್ಳಿ ಬಿಟ್ಟು ಬಂದವರಿಗೂ ಅದೇ ಹೆಸರು ಅಂಟಿಕೊಂಡಿತಂತೆ. ಹಾಗೆಂದು ಎಲ್ಲರೂ ನೆಂಟರಲ್ಲ. ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ನನ್ನ ಮುಖ ಸಣ್ಣದಾಯಿತು. ನಮ್ಮೂರಿನಲ್ಲಿ ಬಳಿ ಒಂದೇ ಎಂದು ಗೊತ್ತಾದರೆ ಸಾಕು, ಚಾಪೆ ಹಾಸಿ ಕೂರಿಸುತ್ತೇವೆ. ಇವರಲ್ಲಿ ಹೆಸರು ಒಂದಾದರೂ ಯಾರಿಗೆ ಯಾರೋ!

ಮೀಸೆಯವನ ಹೆಂಡತಿ ಐರಿನ್ ಕೈಯಲ್ಲಿದ್ದ ಮೀನಿನ ತುಂಡನ್ನು ಕೆಳಗಿಟ್ಟಳು. "ನನ್ನನ್ನು ಇಲ್ಲಿ ಎಲ್ಲರೂ ಮಿಸೆಸ್ ಕ್ಲಿಫ್ಟನ್ ಅಂತಲೇ ಕರೆಯುವುದು. ಮಗುವಿಗೆ ಅತ್ತೆ ಆಗ್ಲಿಕ್ಕೆ ಅಷ್ಟು ಸಾಕಲ್ವಾ ಅಮ್ಮಾ?" ಅಂದಳು. ಮತ್ತೆ ಪೀಟರನ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಅವನ ನಗು ನಿಂತಿತು. ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಏನೋ ಮೆಲ್ಲಗೆ ಅಂದ. "ನಂಗೆ ಅಕ್ಕ ಅಂತ ಯಾರೂ ಇರ್ಲಿಲ್ಲ, ಈಗ ಸಿಕ್ರ್ ಅಂತಿದ್ರ್" ಎಂದು ಶಾಲಿನಿ ಕಣ್ಣೊರೆಸಿಕೊಂಡಳು.

ಭಾನುವಾರ ಐರಿನ್ ರೇಷ್ಮೆ ಸೀರೆ ಉಟ್ಟು ಬಂದು ಮಗುವಿನ ಕಿವಿಯಲ್ಲಿ ಮೂರು ಸಲ "ಚಿತ್ರಾ" ಅಂದಳು. ಪಾಯಸಕ್ಕೆ ಬೆಲ್ಲ ಕಡಿಮೆ ಎಂದು ಕೊಂಕನ್ನೂ ತೆಗೆದಳು. ಗಂಡಿನ ಕಡೆಯವಳಲ್ಲವೇ, ಅಷ್ಟಾದರೂ ಇರಬೇಡವೇ!

ಬರುವ ತಿಂಗಳು ನನ್ನ ವೀಸಾ ಮುಗಿಯುತ್ತದೆ. ಗಂಗೊಳ್ಳಿಯ ಗಾಳಿ ನೆನೆದರೆ ಇವತ್ತೇ ಹೊರಡೋಣ ಅನಿಸುತ್ತದೆ. ಆದರೆ ಬೀಗರಿರುವ ಊರನ್ನು ಪರದೇಶ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.