ಐಸ್ ಬೆವರುವವರೆಗೆ

ಬೆಳಕು ಹರಿಯುವ ಹೊತ್ತು. ಔಷಧ ಗೋದಾಮಿನ ಹಿಂಬಾಗಿಲಲ್ಲಿ ವ್ಯಾನು ಹಾರ್ನ್ ಹೊಡೆಯುತ್ತಿದೆ. ಒಳಗೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಔಷಧಿ ಪೆಟ್ಟಿಗೆ ಕಟ್ಟುವ, ಎಲ್ಲರೂ ‘ಐಸಕ್ಕ’ ಎಂದೇ ಕರೆಯುವ ಹೆಂಗಸು ಮೇಜಿನ ಮೇಲಿನ ಐಸ್ ಪ್ಯಾಕ್‌ಗಳನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದಾರೆ. ಚಾಲಕ ತಲೆ ಒಳಹಾಕುತ್ತಾನೆ.

"ಅಕ್ಕಾ, ಹೊರಡೋಣ. ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡ್ರೆ ಆಮೇಲೆ ನನ್ನ ಬೈಬೇಡಿ."

"ಸುಮ್ನೆ ಕೂತ್ಕೊಳ್ಳಪ್ಪ. ಐಸ್ ಇನ್ನೂ ಬೆವರಿಲ್ಲ."

ಶೀತಲ ಕೋಣೆಯಲ್ಲಿ ಇವತ್ತು ಉಳಿದಿರುವುದು ಒಂದೇ ಸೀಸೆ. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ, ರಕ್ತದ ಕ್ಯಾನ್ಸರ್ ಆಗಿರುವ ಪುಟ್ಟ ಹುಡುಗಿಗೆ ಬೆಳಿಗ್ಗೆಯೇ ಅದನ್ನು ಕೊಡಬೇಕು. ಹೊಸ ದಾಸ್ತಾನು ಯಾವಾಗ ಬರುತ್ತದೋ ಗೊತ್ತಿಲ್ಲ. ಸೀಸೆಯಲ್ಲಿರುವುದು ಒಂದು ಕಿಣ್ವ. ರಕ್ತದಲ್ಲಿನ ಒಂದು ಪೋಷಕಾಂಶವನ್ನು ಅದು ಒಡೆದುಹಾಕುತ್ತದೆ. ಆ ಪೋಷಕಾಂಶವನ್ನು ತಾವೇ ತಯಾರಿಸಿಕೊಳ್ಳಲಾರದ ಕ್ಯಾನ್ಸರ್ ಕೋಶಗಳು ಉಪವಾಸ ಬಿದ್ದು ಸಾಯುತ್ತವೆ. ಆದರೆ ಔಷಧಿ ಮಹಾ ನಾಜೂಕು. ಬೆಚ್ಚಗಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ.

ಹೊಸದರಲ್ಲಿ ಐಸಕ್ಕನೂ ಎಡವಿದ್ದುಂಟು. ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೆಂದು, ಆಗತಾನೇ ಫ್ರೀಜರ್‌ನಿಂದ ತೆಗೆದ ಪ್ಯಾಕಿಗೇ ಸೀಸೆಯನ್ನು ಒತ್ತಿಟ್ಟು ಕಳಿಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಔಷಧಿ ಗಟ್ಟಿಯಾಗಿತ್ತು, ಬಿಸಾಡಬೇಕಾಯಿತು.

"ಅವತ್ತು ಆ ಔಷಧಿ ಬೇಕಿದ್ದ ಮಗೂನ ಅಮ್ಮ ಕಾದೂ ಕಾದೂ ವಾಪಸ್ ಹೋದ್ರಂತೆ," ಎನ್ನುತ್ತಾರೆ.

ಅಂದಿನಿಂದ ಪ್ಯಾಕಿನ ಮೈಮೇಲೆ ನೀರಹನಿ ಮೂಡಬೇಕು, ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ಆಗಷ್ಟೇ ಅದು ಸೀಸೆಯನ್ನು ಹೆಪ್ಪುಗಟ್ಟಿಸದ ಹದಕ್ಕೆ ಬಂದಂತೆ. ಅಲ್ಲಿಯವರೆಗೆ ಪೆಟ್ಟಿಗೆ ಕಟ್ಟುವುದಿಲ್ಲ. ಮೇಲಧಿಕಾರಿ ಬಂದು ತಲೆಯ ಮೇಲೆ ನಿಂತರೂ ಅಷ್ಟೇ.

ವರ್ಷಗಟ್ಟಲೆ ಥಂಡಿಯಲ್ಲಿ ದುಡಿದು ಐಸಕ್ಕನ ಬೆರಳಿನ ಗೆಣ್ಣುಗಳು ಹಿಡಿದುಕೊಂಡಿವೆ. ಮನೆಯಲ್ಲಿ ಅತ್ತೆ ಎಣ್ಣೆ ತಿಕ್ಕುತ್ತಲೇ ಕಾಲೆಳೆಯುತ್ತಾರೆ: "ದಿನವಿಡೀ ಐಸಲ್ಲಿ ಕೂತಿರ್ತಾಳೆ, ಮನೇಲಿ ಟೀ ಸ್ವಲ್ಪ ಆರಿದ್ರೆ ಮುಖ ಊದಿಸ್ತಾಳೆ!" ಬೇರೆ ವಿಭಾಗಕ್ಕೆ ಹೋಗಬಾರದೇ ಎಂದರೆ ಐಸಕ್ಕ ಒಪ್ಪುವುದಿಲ್ಲ. "ನಾನು ಹೋದ್ರೆ ಬೆವರೋ ತನಕ ಕಾಯೋರು ಯಾರು?"

ಕೊನೆಗೂ ಪ್ಯಾಕೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು. ಸೀಸೆಗೆ ರಟ್ಟು ಅಡ್ಡವಿಟ್ಟು, ಪೆಟ್ಟಿಗೆ ಮುಚ್ಚಿ ಚಾಲಕನ ಕೈಗಿಡುತ್ತಾರೆ.

"ಈಗ ಹೊರಡು."

ಯಾರೋ ತಂದಿಟ್ಟ ಟೀ ಹಾಗೇ ಇದೆ. ಆಸ್ಪತ್ರೆಯಿಂದ ಫೋನು ಬರುವವರೆಗೆ ಮುಟ್ಟುವುದಿಲ್ಲ. ಕಡೆಗೆ ವಾರ್ಡಿನ ನರ್ಸ್ ಕರೆ ಮಾಡುತ್ತಾರೆ: "ಚೆನ್ನಾಗಿ ಬಂದಿದೆ ಅಕ್ಕಾ. ಪಾಪುಗೆ ಶುರು ಮಾಡಿದ್ವಿ."

ಆರಿ ತಣ್ಣಗಾದ ಟೀಯನ್ನು ಐಸಕ್ಕ ಮುಖ ಊದಿಸದೆ ಕುಡಿಯುತ್ತಾರೆ. ಆ ಮಗುವನ್ನೊಮ್ಮೆ ನೋಡುವ ಆಸೆಯಿಲ್ಲವೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಬೇಡಪ್ಪ. ಅವಳು ದೊಡ್ಡೋಳಾಗಿ ಈ ಔಷಧಿ ಹೆಸರೇ ಮರ್ತುಬಿಡ್ಲಿ. ನನಗಷ್ಟು ಸಾಕು."