ಬೇವಿನ ಮರದಡಿಯ ವರದಿ

ಹೆಣ ಕೊಯ್ಯುವವರ ಮೇಸ್ತ್ರಿ ಹೊನ್ನೂರಪ್ಪನಿಗೆ ಹೆಣಗಳ ಮೇಲೆ ಗೌರವವಿತ್ತು, ಡಾಕ್ಟರರ ಮೇಲೆ ಎಳ್ಳಷ್ಟೂ ಇರಲಿಲ್ಲ. ಹೆಣದ ಹೊಲಿಗೆ ಕೌದಿಯ ಹೊಲಿಗೆಯಷ್ಟು ಒತ್ತಾಗಿ ಬೀಳದಿದ್ದರೆ ಕೈಕೆಳಗಿನವರಿಂದ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ. ಡಾಕ್ಟರ್ ಮಹಾನುಭಾವರೋ ಹತ್ತು ವರ್ಷದಲ್ಲಿ ಒಮ್ಮೆಯೂ ಶವಾಗಾರದ ಹೊಸ್ತಿಲು ದಾಟಿದವರಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡು ಹೊರಗೆ ಬೇವಿನ ಮರದಡಿಯೇ ವರದಿ ಬರೆದು ಮುಗಿಸುತ್ತಿದ್ದರು.

ಎಂಬತ್ತೆರಡನೆಯ ಇಸವಿಯಲ್ಲಿ, ಶ್ರೀರಾಮನಗರದ ಕಾಲುವೆಯಲ್ಲಿ ಸಿಕ್ಕ ಹುಸೇನಪ್ಪನ ಹೆಣ ಬಂತು. ಅವನ ಎಡಗಾಲು ಎಂದೋ ಅಕ್ಕಿ ಗಿರಣಿಯ ಪಾಲಾಗಿತ್ತು. ವರದಿ ಓದಿದ ಪೊಲೀಸ್ ಪೇದೆ ನಕ್ಕ: "ಎರಡೂ ಕಾಲು ಛಲೋ ಅದಾವಂತ ಬರದಾರಲ್ಲೋ!"

ಹೊನ್ನೂರಪ್ಪ ಸೂಜಿ ದಾರ ಹಿಡಿದುಕೊಂಡೇ ಮರದಡಿಗೆ ನಡೆದ.

"ಸಾಹೇಬ್ರ, ಇನ್ನೊಂದು ಕಾಲು ಎಲ್ಲಿಟ್ಟೀರಿ? ಕೊಡ್ರಿ, ಹೊಲಿಸಿ ಕಳಸ್ತೀನಿ."