ಕುದುರೆಯ ಕಿವಿಯಲ್ಲಿ ಅರಳೆ

ನನ್ನ ಮಾವ, ಭೂಪಾಲ ಮಾಮಾ, ಮನೆಯ ಮಂದಿಯ ಜೊತೆ ಮಾತಾಡುತ್ತಿರಲಿಲ್ಲ. ಏನು ಹೇಳುವುದಿದ್ದರೂ ಎಮ್ಮೆಗೆ ಹೇಳುತ್ತಿದ್ದರು. ಬೆಳಿಗ್ಗೆ ಚಹಾ ತಡವಾದರೆ ಕೊಟ್ಟಿಗೆಯಲ್ಲಿ ನಿಂತು, ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, "ನೀನರ ಹೊತ್ತಿಗಿ ಸರಿಯಾಗಿ ಹಾಲ ಕೊಟ್ಟಿ ಯವ್ವಾ, ನಿಂದೇನ ತಪ್ಪಿಲ್ಲ" ಎನ್ನುತ್ತಿದ್ದರು. ಅತ್ತೆ ಒಳಗೆ ಪಾತ್ರೆ ಕುಕ್ಕಿ ಚಹಾಕ್ಕೆ ಇಡುತ್ತಿದ್ದರು. ಮಗನ ಮೇಲೆ ಸಿಟ್ಟು ಬಂದರೂ ಅದೇ ದಾರಿ: "ನಿನ್ನ ಕರಾನೂ ನಿನ್ನ ಮಾತ ಕೇಳೂದಿಲ್ಲೇನ? ನನ್ನ ಹಣೇಬಾರಾನೂ ಹಂಗ ಐತಿ." ನಾನು ಮದುವೆಯಾಗಿ ಬಂದ ಹೊಸದರಲ್ಲಿ, "ಹೊಸಾ ಸೊಸಿ ಸಾಲಿ ಕಲಸಾಕ ಹೋಗತಾಳಂತ. ಇನ್ನ ನಿನ್ನ ಹಿಂಡಾವ್ರ ಯಾರ?" ಎಂದು ಕೇಳಿದ್ದೂ ಎಮ್ಮೆಯನ್ನೇ. ಎಮ್ಮೆ ಏನೂ ಅನ್ನಲಿಲ್ಲ. ನಾನು ಶಾಲೆಗೆ ಹೋದೆ.

ಮಾಮಾ ಹೋಗಿ ಈಗ ಕೆಲವು ತಿಂಗಳಾದವು. ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವೆಂದು ಬಂಧುಬಳಗದವರು ನನ್ನನ್ನು ಗಟ್ಟಿ ಹೆಂಗಸು ಅನ್ನುತ್ತಾರೆ. ಗಟ್ಟಿತನವೇನೂ ಅಲ್ಲ. ಬಹಳ ಹೊತ್ತು ನೆಲಕ್ಕೆ ಕೂತು ಎದ್ದಾಗ ಕಾಲು ಜೋಮು ಹಿಡಿದಿರುತ್ತದಲ್ಲ, ಒಳಗೆ ಹಾಗೆ ಆಗಿದೆ. ಮುಟ್ಟಿದರೂ ನನ್ನದೆಂದು ಗೊತ್ತಾಗುವುದಿಲ್ಲ. ಅಳು ಬಾರದಿದ್ದರೆ ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಮ್ಮದು ಕಾಗವಾಡದ ಹೊರಗೆ ತೋಟದ ಮನೆ. ಸುತ್ತ ಕಬ್ಬು, ಒಂದಿಷ್ಟು ದ್ರಾಕ್ಷಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆಯಾದ್ದರಿಂದ ದಿನದ ಎಲ್ಲ ಕೆಲಸಕ್ಕೂ ಸೂರ್ಯನೇ ಗಡಿಯಾರ. ತೋಟದಿಂದ ಊರಿಗೆ ಬಸ್ಸಿಲ್ಲ. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅವರ ಪಾಳಿ ಬೇರೆ, ದಾರಿಯೂ ಬೇರೆ. ನಾನು ತವರಿನವರು ಕೊಡಿಸಿದ ಸ್ಕೂಟಿಯಲ್ಲಿ ಊರೊಳಗಿನ ಒಂದು ಸಣ್ಣ ಖಾಸಗಿ ಶಾಲೆಗೆ ಹೋಗಿ ಎರಡನೇ ಇಯತ್ತೆಗೆ ಕನ್ನಡ, ಗಣಿತ ಕಲಿಸುತ್ತಿದ್ದೆ. ಪಗಾರ ಹೇಳಿಕೊಳ್ಳುವಂಥದ್ದಲ್ಲ.

ಪೆಟ್ರೋಲು ನೂರು ದಾಟಿ ಅಲ್ಲೇ ಬೀಡುಬಿಟ್ಟ ಮೇಲೆ ಮನೆಯಲ್ಲಿ ನನ್ನ ಶಾಲೆಯ ಮಾತು ಶುರುವಾಯಿತು. ತಮಾಷೆಯೆಂದರೆ ನಮ್ಮೂರ ಪೆಟ್ರೋಲ್ ಪಂಪಿನ ಮುಂದೆ ಯಾವಾಗಲೂ ಸಾಲು ಇರುತ್ತಿತ್ತು. ಗಡಿಯಾಚೆಗಿಂತ ಕರ್ನಾಟಕದಲ್ಲಿ ಅಗ್ಗವೆಂದು ಮಹಾರಾಷ್ಟ್ರದ ಗಾಡಿಗಳು ಬಂದು ಟಾಕಿ ತುಂಬಿಸಿಕೊಂಡು ಖುಷಿಯಿಂದ ಹೋಗುತ್ತಿದ್ದವು. ಅವರ ಅಗ್ಗ ನಮಗೆ ದುಬಾರಿಯಾಗಿತ್ತು. ಒಂದು ದಿನ ನನ್ನ ಗಂಡ ಊಟಕ್ಕೆ ಕೂತಾಗ, "ಪಗಾರದಾಗ ಅರ್ಧಾ ಟಾಕಿಗೇ ಹೊಂಟೈತಿ. ನೀ ಹುಡುಗೂರಿಗಿ ಕಲಸಾಕತ್ತಿಯೋ, ಪಂಪಿನಾವನ ಸಂಸಾರ ನಡಸಾಕತ್ತಿಯೋ?" ಎಂದರು. ನಗುತ್ತಲೇ ಅಂದರು. ಆದರೆ ಮಾತು ಸುಳ್ಳಾಗಿರಲಿಲ್ಲ.

ನಾನು ಬೇರೆ ದಾರಿ ಹುಡುಕಿದೆ. ಡೈರಿಗೆ ಹಾಲು ಒಯ್ಯುವ ಟೆಂಪೊ ಶಾಲೆಯ ಬಾಗಿಲು ತೆರೆಯುವ ಎಷ್ಟೋ ಮೊದಲು ಹೋಗಿಬಿಡುತ್ತಿತ್ತು. ಸೈಕಲ್ ಹತ್ತಿದೆ, ಕಬ್ಬಿನ ಟ್ರ್ಯಾಕ್ಟರ್ ಕೊರೆದಿಟ್ಟ ಗಾಲಿಯ ಗುಂಡಿಯಲ್ಲಿ ಸೀರೆ ಸಮೇತ ಬಿದ್ದು ಮೊಣಕೈ ತರಚಿಕೊಂಡೆ. ಮಾಮಾನ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಆದರೆ ಪೆಟ್ರೋಲು ಅದಕ್ಕೂ ಬೇಕು. ಮೇಲಾಗಿ ಸೊಸೆ ಮಾವನ ಬೆನ್ನಿಗೆ ಹತ್ತಿ ಕೂತು ಊರೊಳಗೆ ಹೋಗುವುದು ನಮ್ಮ ಕಡೆ ಆಗದ ಮಾತು. ಅವರ ಎದುರು ನಾನು ಸೆರಗು ತಲೆಯ ಮೇಲಿಂದ ಇಳಿಸಿದವಳಲ್ಲ. ಕೊನೆಗೆ ಸ್ಕೂಟಿಗೆ ತಾಡಪತ್ರಿ ಹೊದಿಸಿ, ಶಾಲೆಗೆ ರಜೆ ಹೇಳಿ, ಮನೆಯಲ್ಲಿ ಕೂತೆ. ರಜೆ ಮುಗಿದ ಮೇಲೆ ರಾಜೀನಾಮೆ ಎಂದು ಎಲ್ಲರೂ ತಿಳಿದುಕೊಂಡಿದ್ದರು, ನಾನೂ.

ಒಂದು ವಾರ ಕಳೆದಿರಬೇಕು. ಮಾಮಾ ಯಾರಿಗೂ ಹೇಳದೆ ಮೀರಜ ಕಡೆಗೆ ಹೋದವರು ಸಂಜೆ ಒಂದು ಕೆಂಪು ಕುದುರೆ ಹೊಡೆದುಕೊಂಡು ಬಂದರು. ಹಿಂದೆ ಹಳೆಯ ಟಾಂಗಾ. ಅತ್ತೆ ಕೈಯಲ್ಲಿದ್ದ ಹಿಟ್ಟಿನೊಂದಿಗೇ ಹೊರಗೆ ಬಂದು ನಿಂತರು. ಮಾಮಾ ನೇರ ಎಮ್ಮೆಯ ಹತ್ತಿರ ಹೋಗಿ, "ಇಂವಾ ಪಾವ್ಣ್ಯಾ. ನಿನ್ನ ಬಾಜೂಕ ಇರತಾನ. ಸೊಸಿನ್ನ ಸಾಲಿಗಿ ಬಿಟ್ಟ ಬರತಾನ. ಹುಲ್ಲ ತೋಟದಾಗ ಬೆಳಿತೈತಿ, ಎಣ್ಣಿ ಬೆಳಿತೈತೇನ?" ಎಂದರು. ಪಾವ್ಣ್ಯಾ ಅಂದರೆ ಮನೆಗೆ ಬಂದ ಅತಿಥಿ; ಕುದುರೆಗೆ ಅದೇ ಹೆಸರಾಯಿತು. ಎಮ್ಮೆಗೆ ಹೇಳಿದ ಮಾತಿಗೆ ಎದುರುತ್ತರ ಕೊಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಮಾರಿದವನು ಮಾಮಾನಿಗೆ ಹೇಳಿದ್ದು ಒಂದೇ ಮಾತಂತೆ: "ಏಕದಮ್ ಶಹಾಣಾ ಆಹೇ, ಚಾಬೂಕ್ ಲಾಗತ್ ನಾಹೀ." ಬಹಳ ಜಾಣ, ಚಾಟಿಯೇ ಬೇಡ. ಇರುವೆ ದಾಟಲೆಂದು ಗಾಡಿ ನಿಲ್ಲಿಸುವ ಮನುಷ್ಯನಿಗೆ ಇನ್ನೇನು ಬೇಕು? ಅಲ್ಲೇ ವ್ಯಾಪಾರ ಮುಗಿಸಿದ್ದರು. ಚಾಬೂಕು ಯಾಕೆ ಬೇಡ ಎಂದು ಮಾತ್ರ ಕೇಳಿರಲಿಲ್ಲ.

ಟಾಂಗಾದ ಹಿಂದಿನ ಹಲಗೆಯಲ್ಲಿ ದಾರಿಯ ಹಿಂದಕ್ಕೆ ಮುಖ ಮಾಡಿ ಕೂರಬೇಕು. ಮಾವ ಮುಂದೆ ನೋಡುತ್ತಾರೆ, ಸೊಸೆ ಹಿಂದೆ ನೋಡುತ್ತಾಳೆ, ನಡುವೆ ಒಂದು ಹಲಗೆ. ಮರ್ಯಾದೆಗೆ ಮರ್ಯಾದೆ, ಉಳಿತಾಯಕ್ಕೆ ಉಳಿತಾಯ. ಮೊದಲ ದಿನ ಊರ ಹತ್ತಿರದವರೆಗೂ ಎಲ್ಲ ಚೆನ್ನಾಗಿತ್ತು. ಹಿಂದಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದು ದಾರಿ ಬಿಡಲೆಂದು ಹಾರ್ನ್ ಹೊಡೆದ. ಅಷ್ಟೇ. ಪಾವ್ಣ್ಯಾ ಕುತ್ತಿಗೆ ನೀಡಿ ಹಾರಿದ. ನಮ್ಮ ಕಡೆ ಕುದುರೆ ಗಾಡಿಯ ಓಟದ ಶರ್ಯತ್ತಿನಲ್ಲಿ ಅಕ್ಕಪಕ್ಕ ಬೈಕಿನವರು ಹಾರ್ನ್ ಹೊಡೆಯುತ್ತ, ಕೇಕೆ ಹಾಕುತ್ತ ಓಡಿಸುತ್ತಾರೆ. ಇವನು ಅಂಥ ಶರ್ಯತ್ತಿನಲ್ಲಿ ಓಡಿ ಓಡಿ ವಯಸ್ಸಾದ ಕುದುರೆ. ಹಾರ್ನ್ ಕೇಳಿದರೆ ಗೆಲ್ಲಲೇಬೇಕು ಎಂದಷ್ಟೇ ಅವನಿಗೆ ಗೊತ್ತು.

"ಥಾಂಬ್ ರೇ ಪಾಹುಣ್ಯಾ! ಥಾಂಬ್!" ನಿಲ್ಲೋ, ನಿಲ್ಲು ಎಂದು ಮಾಮಾ ಮರಾಠಿಯಲ್ಲಿ ಬೇಡಿಕೊಳ್ಳುತ್ತಿದ್ದರು, ಮೀರಜದ ಕುದುರೆಗೆ ಕನ್ನಡ ತಿಳಿಯದು ಎಂದು ಅವರ ಲೆಕ್ಕ. ನಾನು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಹಲಗೆ ಹಿಡಿದು ಕಣ್ಣು ಮುಚ್ಚಿ ತೆರೆದೆ. ಶಾಲೆಯ ಗೇಟು ಸರ್ರನೆ ಹಿಂದೆ ಹೋಯಿತು. ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲ ಗೋಡೆ ಹತ್ತಿ ಚಪ್ಪಾಳೆ ಹೊಡೆದರು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರು, "ಭೂಪಾಲಣ್ಣಾ ಶರ್ಯತ್ತಿಗಿ ಇಳದಾನಪೋ!" ಎಂದು ಕೂಗಿದರು. ಬೈಕಿನ ಹುಡುಗ ಹೆದರಿ ಎಲ್ಲೋ ತಿರುಗಿಕೊಂಡ ಮೇಲೆ, ತಾನು ಗೆದ್ದೆನೆಂದು ಖಾತ್ರಿಯಾಗಿ, ಪಾವ್ಣ್ಯಾ ತಾನೇ ನಿಂತ. ಮಾಮಾ ತಲೆಯ ಟೋಪಿ ಸರಿಮಾಡಿಕೊಂಡು ಕುದುರೆಗೆ, "ಆತ್ ಬಿಡ, ಹೊತ್ತಿಗಿ ಮೊದಲ ಮುಟ್ಟಿದ್ವಿ" ಎಂದರು. ಗಾಬರಿಯಲ್ಲಿ ಕನ್ನಡ ಬಂದುಬಿಟ್ಟಿತ್ತು.

ಮರುದಿನದಿಂದ ಹೊರಡುವ ಮೊದಲು ಮಾಮಾ ಪಾವ್ಣ್ಯಾನ ಎರಡೂ ಕಿವಿಗೆ ಅರಳೆ ತುರುಕತೊಡಗಿದರು. ಹಾರ್ನ್ ಕೇಳುವುದು ನಿಂತಿತು. ಕುದುರೆ ಮದುವಣಗಿತ್ತಿಯ ಹಾಗೆ ನಡೆಯತೊಡಗಿತು. ಆದರೆ ಮಾಮಾನ ಮಾತೂ ಅದಕ್ಕೆ ಕೇಳದಾಯಿತು. ಎಮ್ಮೆ ಮನೆಯಲ್ಲಿ, ಕುದುರೆ ಕಿವುಡು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಹಲಗೆಯ ಆಚೆಯಿಂದ ದನಿ ಬಂತು: "ಇವತ್ತ ಏನ ಕಲಸತೀಯವಾ?"

ನನ್ನ ಜೊತೆಗೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಒತ್ತಕ್ಷರಾ ರೀ ಮಾಮಾ" ಎಂದೆ.

"ಹಾಂ. ಹ್ಯಾಂಗ ಕಲಸತಿ ಹೇಳ."

ನಾನು ಹಿಂದಕ್ಕೆ ಓಡುವ ದಾರಿಗೆ ಒತ್ತಕ್ಷರದ ಪಾಠ ಮಾಡಿದೆ. ಅವರು ಮುಂದಿನ ದಾರಿ ನೋಡುತ್ತ ಕೇಳಿದರು. ನಾಲ್ಕನೇ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು ಅವರು. ಕನ್ನಡ ಮಾತಾಡುವುದು ಗೊತ್ತು, ಬರೆಯುವುದು ಗೊತ್ತಿರಲಿಲ್ಲ. ಅಂದಿನಿಂದ ದಿನಾ ಹೋಗುವಾಗ ಪಾಠ, ಬರುವಾಗ ಅವರ ಮಾತು. ಯಾವ ಬಾವಿಯಲ್ಲಿ ಯಾರು ಈಜು ಕಲಿತರು, ಯಾವ ತಮ್ಮ ಯಾವ ಅಣ್ಣನ ಬದುವಿನ ಕಲ್ಲು ಸರಿಸಿದ, ಅತ್ತೆಯನ್ನು ನೋಡಲು ಹೋದ ದಿನ ತಾವು ಗಾಬರಿಯಾಗಿ ಅವರ ಮನೆಯ ಎಮ್ಮೆಯ ಜೊತೆಗೇ ಮಾತಾಡಿ ಎದ್ದು ಬಂದದ್ದು. ನಾನು ಸೆರಗು ಹೆಗಲಿಗೆ ಇಳಿಸಿ ಗಾಳಿಗೆ ಕೂದಲು ಬಿಟ್ಟು ನಗುತ್ತಿದ್ದೆ. ತೋಟದ ಬದು ಬಂತೆಂದರೆ ಸೆರಗು ತಲೆಗೆ, ಮಾತು ಎಮ್ಮೆಗೆ. ಮನೆಯಲ್ಲಿ ಯಾರಿಗೂ ಈ ಸುದ್ದಿ ಗೊತ್ತಿರಲಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ. "ಮಾಮಾ, ನೀವ ಮೊದಲ ನಾ ಸಾಲಿಗಿ ಹೋಗೂದ ಬ್ಯಾಡಂದಿದ್ರಿ. ಈಗ ಯಾಕ ಇಷ್ಟ ತ್ರಾಸ ತಗೋತೀರಿ?"

 ಮಾಮಾ ಹೇಳಿದರು: "ನೀ ಮನ್ಯಾಗ ಕುಂತಿದ್ದಿ ನೋಡ, ಆವಾಗ ತಿಕ್ಕಿದ ಹಂಡೇನ ಮತ್ತ ತಿಕ್ಕತಿದ್ದಿ. ದಿನಾ ನೋಡೇನಿ. ಮುಂಜಾನೆದ್ದ ಹೊಂಟ ಹೋಗಾಕ ಮನಶ್ಯಾಗ ಒಂದ ಜಾಗಾ ಬೇಕವಾ. ನನಗೂ ಇರಲಿಲ್ಲ. ಈಗ ನಿಂದ ಸಾಲಿ ನನಗೂ ಆತು." ಹೇಳಿ, ಕೇಳದ ಕುದುರೆಗೆ "ಹಾಂ ನಡೀ" ಎಂದರು. ನನ್ನ ತವರಿನಲ್ಲಿ ಕೂಡ ನನ್ನನ್ನು ಇಷ್ಟು ಗಮನಿಸಿ ನೋಡಿದವರು ಇರಲಿಲ್ಲ ಎಂದು ಆ ದಿನ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಕೊನೆಯ ದಿನ ಏನೂ ವಿಶೇಷವಿರಲಿಲ್ಲ. ಬೆಳಿಗ್ಗೆ ಗುಣಾಕಾರದ ಮಾತಾಡಿದೆವು. ಗೇಟಿನ ಮುಂದೆ ಇಳಿದು, "ಬರತೇನ್ರಿ" ಎಂದೆ. ಹಿಂತಿರುಗಿ ನೋಡದೆ, "ಹಾಂ" ಎಂದರು. ಸಂಜೆ ಶಾಲೆ ಬಿಟ್ಟಿತು, ಟಾಂಗಾ ಬರಲಿಲ್ಲ. ಬಿಸಿಲು ಇಳಿಯತೊಡಗಿತು. ಊಟದ ಹೊತ್ತು ಮೀರುತ್ತದಲ್ಲ ಎಂದು ನಾನು ದಾರಿ ನೋಡುತ್ತಿದ್ದಾಗ ನನ್ನ ಗಂಡ ಮೋಟಾರ್ ಸೈಕಲ್ಲಿನಲ್ಲಿ ಬಂದರು. "ಹತ್ತು" ಎಂದರು.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಟಾಂಗಾದ ಮೇಲೆ ಮಾತಾಡಿ ಮಾತಾಡಿ ಬಾಯಿಗೆ ರೂಢಿಯಾಗಿತ್ತು. "ಮಾಮಾಗ ಎಲ್ಲೋ ಮಾತಿಗಿ ಜನಾ ಸಿಕ್ಕಾರ. ಕುದರಿ ಕಿವ್ಯಾಗಿನ ಅಳ್ಳಿ ಇವತ್ತ ಮಾಮಾನ ಕಿವ್ಯಾಗ ಹೋಗಿರಬೇಕ, ಸಾಲಿ ಗಂಟಿ ಕೇಳಿಲ್ಲ" ಎಂದು ನಾನೇ ಹೇಳಿ ನಾನೇ ನಕ್ಕೆ. ಮನೆಯಲ್ಲಿ ಅವರು ಎಮ್ಮೆಗೆ ಏನು ನೆಪ ಹೇಳುತ್ತಾರೋ ನೋಡೋಣ ಎಂದೆ. ಗಂಡ ಒಂದು ಮಾತೂ ಆಡಲಿಲ್ಲ. ದಣಿದಿದ್ದಾರೆ ಎಂದುಕೊಂಡೆ. ತೋಟದ ಬದುವಿನ ಹತ್ತಿರ ಬೈಕುಗಳು ನಿಂತಿದ್ದವು, ಅಂಗಳದಲ್ಲಿ ಬಿಳಿ ಟೋಪಿಗಳು ಕಂಡವು. ಆಗ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಅದಷ್ಟೇ ನಾನು ಮಾಡಿದ್ದು.

ಮಾಮಾ ಮಧ್ಯಾಹ್ನ ಉಂಡು, ಪಾವ್ಣ್ಯಾನಿಗೆ ನೀರು ತೋರಿಸಿ, ಕೊಟ್ಟಿಗೆಯ ನೆರಳಿನಲ್ಲಿ ಅಡ್ಡಾಗಿದ್ದರಂತೆ. "ಸಾಲಿ ಬಿಡೂ ಹೊತ್ತಾತು, ಏಳ್ರಿ" ಎಂದು ಅತ್ತೆ ಎಬ್ಬಿಸಲು ಹೋದಾಗ ಏಳಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ಒಯ್ಯಬೇಕೆಂದು ಎಲ್ಲರೂ ಅವಸರದಲ್ಲಿದ್ದರು. ಹೆಂಗಸರು ನನ್ನನ್ನು ಮುಂದೆ ಕರೆತಂದು ಮುಖ ನೋಡಿಸಿದರು. ನಾನು ನೋಡಿದೆ. ಮೂಗಿನ ಪಕ್ಕ ಒಂದು ಸಣ್ಣ ನರಹುಲಿ ಇತ್ತು. ಅಷ್ಟು ದಿನ ಒಂದೇ ಮನೆಯಲ್ಲಿ ಉಂಡು, ಒಂದೇ ಗಾಡಿಯಲ್ಲಿ ಹೋಗಿ ಬಂದು, ಅದನ್ನು ನಾನು ಕಂಡಿರಲಿಲ್ಲ. ಯಾರೋ ದೂರದವರ ಮಣ್ಣಿಗೆ ಬಂದ ಹಾಗೆ ನಿಂತಿದ್ದೆ. ಪಕ್ಕದವರು ಅಳುತ್ತಿದ್ದರು.

ದಿನಕರ್ಮಗಳು ಮುಗಿದವು. ಪಾವ್ಣ್ಯಾನನ್ನು ಹೊಡೆಯುವವರು ಮನೆಯಲ್ಲಿ ಯಾರೂ ಇಲ್ಲದ್ದರಿಂದ ರಾಯಬಾಗ ಕಡೆಯವರು ಯಾರೋ ಬಂದು ಟಾಂಗಾ ಸಮೇತ ಕೊಂಡು ಹೋದರು. ಅದಕ್ಕೂ ನನಗೆ ಏನೂ ಅನ್ನಿಸಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗ ನನ್ನ ಗಂಡ ತಾಟು ನೋಡುತ್ತ, "ಸಾಲ್ಯಾಗ ಏನಂತ ಹೇಳ್ಲಿ? ಬಿಟ್ಟಾಳಂತ ಹೇಳ್ಲೇನ?" ಎಂದರು. ಬೈಯುವ ದನಿಯಲ್ಲ, ಸೋತ ದನಿ.

"ಬಿಡೂದಿಲ್ಲ" ಎಂದೆ.

"ಹ್ಯಾಂಗ ಹೋಗತಿ?"

"ನಡಕೋಂತ."

ಅವರು ಅತ್ತೆಯ ಕಡೆ ನೋಡಿದರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮರುದಿನ ನಾನು ಏಳುವಷ್ಟರಲ್ಲಿ, ಇನ್ನೂ ಮಬ್ಬು ಇರುವಾಗಲೇ, ಕಟ್ಟೆಯ ಮೇಲೆ ನನ್ನ ಡಬ್ಬಿ ಕಟ್ಟಿಟ್ಟಿತ್ತು. ನಡೆಯಲು ಹೆಚ್ಚು ಹೊತ್ತು ಬೇಕೆಂದು ಅತ್ತೆಯೇ ಲೆಕ್ಕ ಹಾಕಿದ್ದರು. ಒಳಗೆ ಅವರು ಮೂಗು ಒರೆಸಿಕೊಳ್ಳುವುದು ಕೇಳಿಸಿತು.  ಡಬ್ಬಿ ತೆಗೆದುಕೊಂಡು ಹೊರಟೆ.

ಶಾಲೆ ಮುಟ್ಟಿದಾಗ ಚಪ್ಪಲಿಯೆಲ್ಲ ಮಣ್ಣಾಗಿತ್ತು, ಪ್ರಾರ್ಥನೆ ಮುಗಿದಿತ್ತು. ಹಾಜರಿ ಕರೆಯುವಾಗ ಮುಂದಿನ ಸಾಲಿನ ಸಣ್ಣ ಹುಡುಗಿಯೊಬ್ಬಳು ಕಿಟಕಿಯಿಂದ ಗೇಟಿನ ಕಡೆ ಬಗ್ಗಿ ನೋಡಿ, "ಟೀಚರ್, ಅಜ್ಜಾ ಬಂದಿಲ್ಲೇನ್ರಿ?" ಎಂದಳು.

"ಇಲ್ಲವಾ."

"ನಾಳೆ ಬರತಾರೇನ್ರಿ?"

ಇಡೀ ವರ್ಗ ನನ್ನನ್ನೇ ನೋಡುತ್ತಿತ್ತು.

"ನಾಳೆ ನಾ ಬರತೇನಿ" ಎಂದೆ.